ಓದಾಕ ಬರ್ತಿರಲಿಲ್ಲ, ಸಿಎ ಹೆಂಗಾದಿ?

ಹೌದು, ನನಗೆ ಡಿಸ್ಲೆಕ್ಸಿಯಾ ಇದೆ, ಅಂದರೆ ಅಕ್ಷರ ಓದುವುದು, ಬರೆಯುವುದು ಕಷ್ಟವಾಗುವ ಕಲಿಕೆಯ ತೊಂದರೆ. ಹೌದು, ನಾನು ಸಿಎ. ಎರಡೂ ಒಬ್ಬಳಲ್ಲೇ ಹೇಗೆ ಇರುತ್ತವೆ ಅಂತ ಹುಬ್ಬಳ್ಳಿಯಲ್ಲಿ ಸಿಕ್ಕವರೆಲ್ಲ ಕೇಳುತ್ತಾರೆ. ಹೇಳಿ ಹೇಳಿ ಬಾಯಿ ನೋವು ಬಂತು, ಅದಕ್ಕೇ ಬರೆದು ಇಡುತ್ತಿದ್ದೇನೆ.

ಕೇಳುವ ರೀತಿಯಾದರೂ ನೋಡಿ. ಒಂದು ಮದುವೆ ಊಟದಲ್ಲಿ, ಎಲೆಗೆ ಹೋಳಿಗೆ ಬಿದ್ದಿದೆ, ತುಪ್ಪ ಇನ್ನೂ ಬಂದಿಲ್ಲ, ಪಕ್ಕದಲ್ಲಿದ್ದ ಕಾಕು ಇಡೀ ಪಂಕ್ತಿಗೆ ಕೇಳಿಸುವ ಹಾಗೆ ಶುರು ಮಾಡಿದರು. "ಏನವಾ, ಸಣ್ಣಾಕಿದ್ದಾಗ ನಿನಗ ಓದಾಕ ಬರ್ತಿರಲಿಲ್ಲ, ಸಿಎ ಹೆಂಗಾದಿ? ಯಾವ ಔಷಧ ತಗೊಂಡಿ?" ಎದುರಿಗಿದ್ದ ಮಾಮಾ, "ಬ್ರಾಹ್ಮಿ ತಿನಿಸಿರಬೇಕ ಬಿಡು" ಅಂದರು. ಹೋಳಿಗೆ ಮುಗಿಯುವುದರೊಳಗೆ ನನ್ನ ಕಾಯಿಲೆ, ಅದರ ಔಷಧ, ಅದು ಗುಣವಾದದ್ದು ಎಲ್ಲ ಅವರೇ ತೀರ್ಮಾನ ಮಾಡಿ ಮುಗಿಸಿದ್ದರು.

ಗುಣ ಆಗಿಲ್ಲ, ಕಾಕು. ಆಗೋದೂ ಇಲ್ಲ. ಪ, ವ, ಷ ಒಂದೇ ಸಾಲಿನಲ್ಲಿ ಬಂದರೆ ಇವತ್ತೂ ತಡವರಿಸುತ್ತೇನೆ. ಇಂಗ್ಲಿಷ್ ಬಗ್ಗೆ ಅಂತೂ ಕೇಳಲೇಬೇಡಿ. ಬಾಯಿಂದ ಹೇಳಿದ್ದು ತಕ್ಷಣ ತಲೆಗೆ ಹೋಗುತ್ತೆ, ಅಕ್ಷರದಲ್ಲಿ ಬಂದರೆ ಮಾತ್ರ ತಡ. ಶಾಲೆಯಲ್ಲಿ ಸರ್ ಒಬ್ಬರು ಇದಕ್ಕೆ ಸೊಕ್ಕು ಅಂತಿದ್ದರು. ಅವರ ಸುದ್ದಿ ಬೇಡ.

ಪಾಸಾದದ್ದು ಕೇಳಿಸಿಕೊಂಡು. ಜೊತೆಗೆ ಆರ್ಟಿಕಲ್‌ಶಿಪ್ (ಸಿಎ ಆಫೀಸಿನಲ್ಲಿ ಮಾಡುವ ತರಬೇತಿ) ಮಾಡುತ್ತಿದ್ದ ಗೆಳತಿಗೆ ಗಟ್ಟಿಯಾಗಿ ಓದಿದರೆ ಮಾತ್ರ ತಲೆಗೆ ಹೋಗುತ್ತಿತ್ತು, ನನ್ನ ಪುಣ್ಯ. ಟಿಡಿಎಸ್, ಅಂದರೆ ಹಣ ಕೊಡುವಾಗಲೇ ತೆರಿಗೆ ಹಿಡಿಯುವುದು, ಅದರ ಸೆಕ್ಷನ್‌ಗಳು ನೆನಪಿರಲಿ ಅಂತ ಹುಬ್ಬಳ್ಳಿಯ ದುರ್ಗದಬೈಲಿನ ಅಂಗಡಿಗಳಿಗೆ ಹಂಚಿದ್ದೆ: ಬಳೆ ಅಂಗಡಿಯ ಬಾಡಿಗೆಗೆ 194ಐ, ಮೂಲೆಯ ಏಜೆಂಟನ ಕಮಿಷನ್‌ಗೆ 194ಎಚ್. ಈಗ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ನಂಬರುಗಳೇ ಬದಲಾದವು. ಎಲ್ಲ ಸಿಎಗಳೂ ನನ್ನ ಹಾಗೇ ತಡವರಿಸುವುದು ನೋಡಿ ಸ್ವಲ್ಪ ಖುಷಿಯೂ ಆಗುತ್ತೆ, ಸುಳ್ಳು ಯಾಕೆ ಹೇಳಲಿ.

ಇನ್ನೊಂದು, ಅಂಗವಿಕಲತೆಯ ಸರ್ಟಿಫಿಕೇಟ್. 1995ರ ಅಂಗವಿಕಲರ ಕಾಯ್ದೆಯಲ್ಲಿ ಇದ್ದದ್ದು 7 ಬಗೆ, ನಮ್ಮದು ಅದರಲ್ಲಿ ಇರಲಿಲ್ಲ. 2016ರ ಕಾಯ್ದೆಯಲ್ಲಿ 21 ಆಯ್ತು, ಡಿಸ್ಲೆಕ್ಸಿಯಾದಂಥ ಕಲಿಕೆಯ ತೊಂದರೆಯೂ ಸೇರಿತು. ನಿಯಮದ ಪ್ರಕಾರ ಸರ್ಟಿಫಿಕೇಟ್ ಇದ್ದರೆ ಮೂರು ಗಂಟೆಯ ಪೇಪರಿಗೆ ಒಂದು ಗಂಟೆ ಹೆಚ್ಚು ಸಿಗುತ್ತೆ. ತಪಾಸಣೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗುತ್ತೇನೆ ಅಂದಾಗ ಮನೆಯಲ್ಲಿ ಗದ್ದಲವೋ ಗದ್ದಲ. ಹಿರಿಯರ ಬಾಯಲ್ಲಿ ಅದು ಇನ್ನೂ ಹುಚ್ಚರ ದವಾಖಾನಿ. "ಲಗ್ನ ಆಗಬೇಕಾದ ಹುಡುಗಿ" ಅಂತ ದೊಡ್ಡವ್ವ ಕಣ್ಣೀರು ಹಾಕಿದರು. ಹೋದೆ. ಲಗ್ನವೂ ಆಯ್ತು.

ಹೆಚ್ಚು ಟೈಮ್ ಸಿಕ್ಕರೆ ಸುಲಭ ಅಲ್ವಾ ಅನ್ನುವವರಿಗೆ: ಪ್ರಶ್ನೆ ಪತ್ರಿಕೆ ಎಲ್ಲರಿಗೂ ಒಂದೇ. ಪಾಸಾಗಲು ಪ್ರತಿ ಪೇಪರಿಗೆ 40 ಅಂಕ, ಗ್ರೂಪಿನ (ಕೆಲವು ಪೇಪರುಗಳ ಗುಂಪಿನ) ಒಟ್ಟು ಶೇಕಡಾ 50, ಅದೂ ಒಂದೇ.

ಯಾರೂ ಕೇಳದ, ಆದರೆ ಒಳಗೊಳಗೆ ಎಲ್ಲರೂ ಅಂದುಕೊಳ್ಳುವ ಪ್ರಶ್ನೆ ಬೇರೆ ಇದೆ. ಇವಳ ಕೈಗೆ ಲೆಕ್ಕ ಕೊಟ್ಟರೆ ತಪ್ಪಾಗಲ್ವಾ? ಅದನ್ನು ನೇರವಾಗಿ ಕೇಳಿದವರು ಅಮರಗೋಳ ಎಪಿಎಂಸಿಯ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವ ದಿವಾನಜಿ ಒಬ್ಬರೇ. "ಮೇಡಂ, ಅಂಕಿ ಹಿಂದ ಮುಂದ ಆಗ್ತಾವೇನ್ರಿ ನಿಮಗ?"

"ಆಗ್ತಾವ್ರಿ" ಅಂದೆ. 5,630 ಇದ್ದದ್ದನ್ನು 5,360 ಅಂತ ಬರೆದಿರುತ್ತೇನೆ. ವ್ಯತ್ಯಾಸ 270, 9ರಿಂದ ಭಾಗವಾಗುತ್ತೆ. ಯಾವ ಎರಡು ಅಂಕಿ ಅದಲುಬದಲಾದರೂ ಹೀಗೇ. ತಾಳೆಯಾಗದ ಮೊತ್ತ 9ರಿಂದ ಭಾಗವಾದರೆ ಮೊದಲು ಅದಲುಬದಲು ಹುಡುಕು ಅನ್ನುವುದು ಲೆಕ್ಕ ಬರೆಯುವವರ ಹಳೆಯ ಉಪಾಯ. ಅದನ್ನು ನನಗೋಸ್ಕರ ಯಾರೂ ಮಾಡಿದ್ದಲ್ಲ. ಅಂದರೆ ಡಿಸ್ಲೆಕ್ಸಿಯಾ ಇಲ್ಲದವರೂ ಇದೇ ತಪ್ಪು ಮಾಡುತ್ತಾ ಬಂದಿದ್ದಾರೆ ಅಂತಾಯ್ತಲ್ಲ! ನನಗೆ ಆಗುತ್ತೆ ಅಂತ ಗೊತ್ತಿರುವುದರಿಂದ ವೋಚರ್ ಮೇಲೆ ಸ್ಕೇಲ್ ಇಟ್ಟು ಒಂದೊಂದೇ ಸಾಲು ನೋಡುತ್ತೇನೆ, ಎರಡನೇ ಸುತ್ತಿಗೆ ಬೇರೆ ಬಣ್ಣದ ಟಿಕ್.

ದಿವಾನಜಿ ಸುಮ್ನೆ ತಮ್ಮ ಕಿರ್ದಿ, ದಿನದ ಲೆಕ್ಕದ ಪುಸ್ತಕ, ನನ್ನ ಮುಂದೆ ಸರಿಸಿದರು. ಬೆಳಗಿನಿಂದ 18 ರೂಪಾಯಿ ಕೂಡುತ್ತಿರಲಿಲ್ಲವಂತೆ. ಹಮಾಲಿಯ ಸಾಲಿನಲ್ಲಿ 64 ಹೋಗಿ 46 ಆಗಿತ್ತು. ಅವರಿಗೆ ಯಾರೂ ಯಾವ ಔಷಧ ಅಂತ ಕೇಳಲಿಲ್ಲ.

ಮಗನಿಗೆ, ಮಗಳಿಗೆ ಹೀಗೇ ಇದೆ ಅನ್ನುವವರು ಫೋನ್ ಮಾಡಿ, ಮಾತಾಡುತ್ತೇನೆ. ಆದರೆ ಮಕ್ಕಳೂ ಪಕ್ಕದಲ್ಲಿರಲಿ. ಸರ್ಟಿಫಿಕೇಟ್ ಓಡಾಟವನ್ನು ಪರೀಕ್ಷೆ ಫಾರ್ಮ್ ತುಂಬುವ ವಾರಕ್ಕೆ ಇಟ್ಟುಕೊಳ್ಳಬೇಡಿ. ಸೆಪ್ಟೆಂಬರಿನಲ್ಲಿ ಮಾತ್ರ ಫೋನ್ ಬೇಡ, 30ಕ್ಕೆ ಟ್ಯಾಕ್ಸ್ ಆಡಿಟ್ ಗಡುವು.