ಓರೆ ನಿಬ್ಬೋ, ಇಟಾಲಿಕ್ಕೋ? ಮೊದಲು ‘ಧರ್ಮಸ್ಥಳ’ ಬರೆದು ನೋಡಿ

ಶಾಯಿ ಪೆನ್ನಿನಲ್ಲಿ ಕನ್ನಡ ಬರೆಯಲು ನಿಬ್ ಆರಿಸುವಾಗ ‘ಧರ್ಮಸ್ಥಳ’ಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಧ ಅಕ್ಷರದ ಸೀಳು ಕಾಣಬೇಕು. ಸಕಾರದ ಕೆಳಗಿನ ಥ ಒತ್ತಿನಲ್ಲಿ ಸೀಳೂ ಉಳಿಯಬೇಕು, ಹೊಟ್ಟೆಯೊಳಗಿನ ಚುಕ್ಕೆಯೂ ಉಳಿಯಬೇಕು. 8 ಮಿ.ಮೀ. ಗೆರೆಯ ನೋಟ್‌ಬುಕ್ಕಿನಲ್ಲಿ ಅಕ್ಷರದ ಮೈ 3.5 ಮಿ.ಮೀ. ಇಟ್ಟುಕೊಂಡರೆ ಒತ್ತಿಗೆ ಸಿಗುವುದು ಹೆಚ್ಚೆಂದರೆ 2.5. ತುದಿ ಚಪ್ಪಟೆಯಾಗಿ 1.1 ಮಿ.ಮೀ. ಅಗಲವಿರುವ ಇಟಾಲಿಕ್ ನಿಬ್ಬಿನಲ್ಲಿ ಎರಡು ಬದಿಯ ಗೆರೆಗಳೇ 2.2 ನುಂಗುತ್ತವೆ, ಚುಕ್ಕೆ ಇಡಲು ಜಾಗವೇ ಇಲ್ಲ. 0.6 ಆದರೆ ಒಳಗೆ 1.3 ಉಳಿಯುತ್ತದೆ, ಚುಕ್ಕೆ ಸಲೀಸಾಗಿ ಕೂರುತ್ತದೆ. ಲ್ಯಾಮಿ ಸಫಾರಿ ಪೆನ್ನಿಗೆ ಸಿಗುವ 1.1, 1.5, 1.9 ನಿಬ್‌ಗಳು, ಟ್ವಿಸ್ಬಿ ಪೆನ್ನಿನ 1.1 ಸ್ಟಬ್ (ಮೂಲೆ ಉರುಟಾದ ಚಪ್ಪಟೆ ನಿಬ್), ಇವೆಲ್ಲ ಲಗ್ನಪತ್ರಿಕೆಯ ಮೇಲೆ ವಿಳಾಸ ಬರೆಯಲು ಚೆನ್ನ. ದಿನದ ಬರಹಕ್ಕೆ 0.6ರಿಂದ 0.7ರ ಆಸುಪಾಸು ಸಾಕು.

ನಮ್ಮ ಲಿಪಿಯ ದುಂಡು ಓಲೆಗರಿಯ ಮೇಲೆ ಉಕ್ಕಿನ ಕಂಟದಿಂದ ಕೊರೆದು ಬಂದದ್ದು. ಶ್ರವಣಬೆಳಗೊಳದ ಮಠದಲ್ಲಿರುವಂಥ ಓಲೆಗಳಲ್ಲಿ ಗೆರೆ ಎಲ್ಲ ಕಡೆ ಒಂದೇ ದಪ್ಪ. ಹಾಗಾಗಿ ಚಪ್ಪಟೆ ತುದಿ ಕೊಡುವ ದಪ್ಪ-ತೆಳುವಿನ ಆಟ ಕನ್ನಡಕ್ಕೆ ಒಡವೆಯಂತೆ, ಹಿತಮಿತವಾಗಿದ್ದರೇ ಚೆಂದ. ಮೂಲೆಗಳು ಚೂಪಾಗಿರುವ ಫಾರ್ಮಲ್ ಇಟಾಲಿಕ್ ನಿಬ್ಬನ್ನು ಈ ಕಾರಣಕ್ಕೇ ಬೇಡ ಎನ್ನುತ್ತೇನೆ. ಯ, ಮ ಅಕ್ಷರಗಳ ಬಲತುದಿಯನ್ನೋ ಕೊಂಬನ್ನೋ ಮೇಲಕ್ಕೆ ಎತ್ತುವಾಗ ಅದರ ಮೂಲೆ ಕಾಗದದ ನಾರಿಗೆ ಸಿಕ್ಕಿಕೊಂಡು ಶಾಯಿ ಸಿಡಿಸುತ್ತದೆ. ಮೂಲೆ ತುಸು ಉರುಟಾದ ಕರ್ಸಿವ್ ಇಟಾಲಿಕ್, ಇನ್ನೂ ಉರುಟಾದ ಸ್ಟಬ್, ಇವೆರಡೇ ನಮ್ಮ ಸುತ್ತುಗಳಿಗೆ ಒಗ್ಗುವುದು.

ತುದಿಯನ್ನು ಓರೆಯಾಗಿ ಕತ್ತರಿಸಿದ ಓರೆ ನಿಬ್ಬಿನ ವಿಷಯದಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. ಅಕ್ಷರ ವಾಲುತ್ತದೆ ಎಂದು ಓರೆ ನಿಬ್ ಕೊಳ್ಳುತ್ತಾರೆ. ವಾಲುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಪೆನ್ನನ್ನು ಬೆರಳುಗಳ ನಡುವೆ ಉರುಳಿಸಿ ಹಿಡಿಯುವವರಿಗಾಗಿ ಇರುವ ನಿಬ್ ಇದು. ಎರಡು ಸಾಲು ಬರೆದು, ಕೈ ಎತ್ತದೆ ನಿಲ್ಲಿಸಿ, ಪೆನ್ನಿನ ಬೆನ್ನ ಕಡೆಯಿಂದ ತುದಿಯತ್ತ ನೋಡಿ. ನಿಬ್ಬಿನ ಮುಖ ಗಡಿಯಾರದ 12ಕ್ಕೆ ಇದ್ದರೆ ಓರೆ ಬೇಡ. 12 ಮತ್ತು 11ರ ನಡುವೆ ಇದ್ದರೆ ಉರುಳು ಸುಮಾರು 15 ಡಿಗ್ರಿ. ನಿಬ್ಬಿನ ಸೀಳಿನ ಎರಡು ಬದಿಯ ಹಲ್ಲುಗಳಲ್ಲಿ ಎಡಹಲ್ಲು ಕಾಗದಕ್ಕೆ ಒತ್ತಿ ಬಲಹಲ್ಲು ಎದ್ದಿರುತ್ತದೆ. ಅಂಥವರಿಗೆ ಬೇಕಾದದ್ದು ಎಡ ಓರೆ: ತುದಿ ಮುಂದಕ್ಕಿಟ್ಟು ಮೇಲಿನಿಂದ ನೋಡಿದರೆ ಎಡಗಾಲಿನ ಬೆರಳುಗಳ ಹಾಗೆ ಬಲಬದಿ ಮುಂದೆ, ಎಡಬದಿ ಹಿಂದೆ. ಲ್ಯಾಮಿ 2000 ಪೆನ್ನಿನ ಓಎಂ (ಓರೆ ಮೀಡಿಯಂ), ಓಬಿ (ಓರೆ ಬ್ರಾಡ್) ಈ ಜಾತಿಯವು. ಬಲ ಓರೆ ಪ್ರದಕ್ಷಿಣವಾಗಿ ಉರುಳಿಸುವವರಿಗೆ. ನೇರ ಹಿಡಿಯುವವರ ಕೈಗೆ ಓರೆ ಕೊಟ್ಟರೆ ಒಂದೇ ಮೂಲೆ ತಾಗಿ ಕೆರೆಯುತ್ತದೆ, ಗೆರೆ ನಡುನಡುವೆ ಮಾಯ.

ಅಂಗಡಿಯಲ್ಲಿ 0.6 ಸ್ಟಬ್ ಸಿಗದಿದ್ದರೆ ಮೀಡಿಯಂ ನಿಬ್ಬನ್ನೇ ಉಜ್ಜಿಕೊಳ್ಳಬಹುದು. ತುದಿಯಲ್ಲಿ ಗಟ್ಟಿ ಲೋಹದ ಗುಂಡು ಇರಲೇಬೇಕು. ಬರೀ ಉಕ್ಕನ್ನು ಮಡಿಸಿ ಮಾಡಿದ ತುದಿ ಬೇಗ ಸವೆಯುತ್ತದೆ. 10 ಪಟ್ಟು ಭೂತಗನ್ನಡಿಯಲ್ಲಿ ಎರಡೂ ಹಲ್ಲು ಸಮ ಇವೆಯೇ ನೋಡಿ. ಸಮ ಇಲ್ಲದೆ ಉಜ್ಜಿದರೆ ಒಂದು ಹಲ್ಲು ಶಾಶ್ವತವಾಗಿ ಗಿಡ್ಡ. ನಾವು ಕಡಿಮೆ ಮಾಡುವುದು ಗುಂಡಿನ ಅಗಲವನ್ನಲ್ಲ, ದಪ್ಪವನ್ನು. ಗಾಜಿನ ಮೇಲೆ 2000 ಗ್ರಿಟ್‌ನ (ಬಲು ನುಣುಪಾದ) ನೀರು ಉಜ್ಜುಕಾಗದ ಹಾಸಿ, ಒದ್ದೆ ಮಾಡಿ, ಗುಂಡಿನ ಮೇಲ್ಭಾಗವನ್ನು ಹತ್ತು ಸಲ, ಬರೆಯುವ ಕೋನದಲ್ಲಿ ತಳವನ್ನು ಐದಾರು ಸಲ, ಭಾರ ಹಾಕದೆ ಎಳೆಯಿರಿ. ಓರೆ ಬೇಕಿದ್ದರೆ ತಳ ಎಳೆಯುವಾಗ ಪೆನ್ನು ನಿಮ್ಮ ಸಹಜ ಉರುಳಿನಲ್ಲೇ ಇರಲಿ, ಓರೆ ತಾನಾಗಿ ಬೀಳುತ್ತದೆ. ಶಾಯಿ ತುಂಬಿಯೇ ಉಜ್ಜಿ, ಐದು ಎಳೆತಕ್ಕೊಮ್ಮೆ ಬರೆದು ನೋಡಿ. ತೆಗೆದ ಲೋಹ ಮರಳಿ ಬಾರದು. ಕೊನೆಗೆ 12000 ಮೈಕ್ರೋಮೆಶ್ (ಹೊಳಪು ಕೊಡುವ ಇನ್ನೂ ನುಣುಪಾದ ಹಾಳೆ) ಮೇಲೆ ಎಂಟರ ಆಕಾರದಲ್ಲಿ ಸುತ್ತಿಸಿ ಮೂಲೆ ಮುರಿಯಿರಿ. 0.05 ಮಿ.ಮೀ. ಹಿತ್ತಾಳೆ ತಗಡನ್ನು ನಿಬ್ಬಿನ ಸೀಳಿನಲ್ಲಿ ಆಡಿಸಿ, ಪುಡಿ ತೊಳೆಯಿರಿ.

ನಯ ಮಾಡುವ ಆಸೆಯೇ ಹೆಚ್ಚು ನಿಬ್‌ಗಳನ್ನು ಕೆಡಿಸುವುದು. ಸೀಳಿನ ಒಳ ಅಂಚು ಉರುಟಾದರೆ ಶಾಯಿ ಕಾಗದಕ್ಕೆ ತಾಗದೆ ಒಳಗೇ ನಿಲ್ಲುತ್ತದೆ, ತಲೆಕಟ್ಟಿನ ಮೊದಲ ತುಣುಕು ಬೀಳುವುದೇ ಇಲ್ಲ. ಆಗ 2000ದ ಮೇಲೆ ಮತ್ತೆ ಎರಡು ಮೂರು ಎಳೆತ ಕೊಟ್ಟು ತಳ ಸಮ ಮಾಡಬೇಕು.

ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಕಾಗದ ತೇವ ಕುಡಿದು ಶಾಯಿ ಹಬ್ಬುತ್ತದೆ. ಗೆರೆಯ ಎರಡೂ ಅಂಚಿನಲ್ಲಿ 0.1 ಹಬ್ಬಿತು ಎನ್ನಿ: 0.3 ಇದ್ದ ತೆಳು ಗೆರೆ 0.5, 0.7ರ ದಪ್ಪ ಗೆರೆ 0.9. ಎರಡು ಪಟ್ಟಿಗೂ ಮೀರಿದ್ದ ಅಂತರ ಎರಡು ಪಟ್ಟಿಗಿಂತ ಕೆಳಗೆ ಇಳಿಯಿತು. ಜುಲೈನಲ್ಲಿ ಅಕ್ಷರ ಮೊದ್ದಾಗಿ ಕಂಡರೆ ನಿಬ್ಬಿಗೆ ಕೈ ಹಚ್ಚಬೇಡಿ. ಒಂದು ಹಾಳೆಯನ್ನು ಒಲೆಯ ಹತ್ತಿರ ಹತ್ತು ನಿಮಿಷ ಇಟ್ಟು, ಆರಿದ ಮೇಲೆ ಅದರ ಮೇಲೆ ಬರೆದು ನೋಡಿ.