40 ಹಾಡು ಹಾಕಿದೆ, 80 ಬಂತು

ಕಾರಿನಲ್ಲಿ ಕೇಳೋಣ ಅಂತ ಪೆನ್‌ಡ್ರೈವ್‌ಗೆ 40 ಹಾಡು ಹಾಕಿಕೊಂಡೆ. ಮ್ಯಾಕ್‌ನಲ್ಲಿ ಎಣಿಸಿದರೆ ಸರಿಯಾಗಿ 40. ಕಾರಿನ ಸ್ಟೀರಿಯೋಗೆ ಹಾಕಿದರೆ 80! ಮೊದಲನೆಯದನ್ನು ಒತ್ತಿದೆ, ಫೈಲ್ ಓದೋಕೆ ಆಗಲ್ಲ ಅಂತು. ಎರಡನೆಯದೂ ಅದೇ ಕಥೆ. ಪೆನ್‌ಡ್ರೈವ್ ಹಾಳಾಗಿರಬೇಕು ಅಂದುಕೊಂಡು ಫಾರ್ಮ್ಯಾಟ್ ಮಾಡಿ ಮತ್ತೆ ಕಾಪಿ ಮಾಡಿದೆ. ಮತ್ತೆ 80.

ಕೊನೆಗೆ ವಿಂಡೋಸ್ ಲ್ಯಾಪ್‌ಟಾಪ್‌ಗೆ ಹಾಕಿ, ಅಡಗಿದ ಫೈಲ್ ತೋರಿಸುವ ಆಯ್ಕೆಗೆ ಟಿಕ್ ಕೊಟ್ಟೆ. ಗುಟ್ಟು ರಟ್ಟಾಯಿತು. ಪ್ರತಿ ಹಾಡಿಗೂ ಅದೇ ಹೆಸರಿನ ಒಂದು ಜೋಡಿ. ಹೆಸರಿನ ಮುಂದೆ ಒಂದು ಚುಕ್ಕಿ, ಒಂದು ಅಂಡರ್‌ಸ್ಕೋರ್. ಸೈಜ್ ಬರೀ 4 ಕೆಬಿ. ನಾಲ್ಕು ಕೆಬಿಯಲ್ಲಿ ಯಾವ ಹಾಡು ಹಿಡಿಯುತ್ತೆ?

ಮ್ಯಾಕ್ ತನ್ನ ಸ್ವಂತ ಡಿಸ್ಕ್‌ನಲ್ಲಿ ಟ್ಯಾಗ್, ಎಲ್ಲಿಂದ ಡೌನ್‌ಲೋಡ್ ಆಯಿತು ಎಂಬಂಥ ವಿವರಗಳನ್ನು ಫೈಲಿಗೇ ಅಂಟಿಸಿ ಇಡುತ್ತದೆ. ಪೆನ್‌ಡ್ರೈವ್‌ನಲ್ಲಿ ಫೈಲ್ ಜೋಡಿಸಿಡುವ ಫ್ಯಾಟ್32, ಎಕ್ಸ್‌ಫ್ಯಾಟ್ ಎಂಬ ಪದ್ಧತಿಗಳಲ್ಲಿ ಅದಕ್ಕೆ ಜಾಗವಿಲ್ಲ. ಹಾಗಾಗಿ ಪಕ್ಕದಲ್ಲೇ ಬೇರೆ ಫೈಲ್ ಮಾಡಿ ತುರುಕುತ್ತದೆ. ಇರಲಿ, ಅದರ ಕಷ್ಟ ಅದಕ್ಕೆ. ಆದರೆ ಚುಕ್ಕಿಯಿಂದ ಶುರುವಾಗುವ ಹೆಸರನ್ನು ನನಗೇ ತೋರಿಸುವುದಿಲ್ಲ ನೋಡಿ, ಸಿಟ್ಟು ಬರುವುದು ಅಲ್ಲಿ. ಕಸ ಹಾಕಿದವರ ಕಣ್ಣಿಗೆ ಬೀಳಲ್ಲ, ಉಳಿದವರ ಕಣ್ಣಿಗೆಲ್ಲ ಬೀಳುತ್ತೆ!

ಈ ಚುಕ್ಕಿ ಚಾಳಿ ಯುನಿಕ್ಸ್ ಎಂಬ ಹಳೆಯ ಆಪರೇಟಿಂಗ್ ಸಿಸ್ಟಂ ಕಾಲದ್ದು. ಯುನಿಕ್ಸ್ ತಂಡದಲ್ಲಿದ್ದ ರಾಬ್ ಪೈಕ್ ಹೇಳಿರುವ ಪ್ರಕಾರ ಅದು ಯಾರೂ ಯೋಚಿಸಿ ಮಾಡಿದ್ದೇ ಅಲ್ಲ. ಪಟ್ಟಿಯಲ್ಲಿ 'ಈ ಫೋಲ್ಡರ್', 'ಮೇಲಿನ ಫೋಲ್ಡರ್' ಅನ್ನುವ ಒಂದು ಚುಕ್ಕಿ, ಎರಡು ಚುಕ್ಕಿ ಕಾಣದಿರಲಿ ಅಂತ ಮೊದಲ ಅಕ್ಷರವನ್ನಷ್ಟೇ ನೋಡಿ, ಅದು ಚುಕ್ಕಿಯಾಗಿದ್ದರೆ ಆ ಹೆಸರನ್ನೇ ಬಿಟ್ಟುಬಿಟ್ಟರಂತೆ; ಹಾಗಾಗಿ ಚುಕ್ಕಿಯಿಂದ ಶುರುವಾಗುವ ಹೆಸರುಗಳೆಲ್ಲ ಮರೆಯಾದವು. ಸೋಮಾರಿತನದ ಒಂದು ಸಾಲು, ಅಷ್ಟೇ.

ವಿಂಡೋಸ್ ಏನು ಸಾಚಾ ಅಲ್ಲ. ಡೆಸ್ಕ್‌ಟಾಪ್ ಐಎನ್‌ಐ, ಸಿಸ್ಟಂ ವಾಲ್ಯೂಮ್ ಇನ್ಫರ್ಮೇಶನ್ ಅಂತ ಅದೂ ತನ್ನ ಅಡಗಿದ ಫೈಲ್, ಫೋಲ್ಡರ್‌ಗಳನ್ನು ಸುಮ್ನೆ ಬಿಟ್ಟುಹೋಗುತ್ತದೆ. ನೆಟ್‌ವರ್ಕ್ ಫೋಲ್ಡರ್‌ ಅಳಿಸಲು ಹೋದಾಗ ಥಂಬ್ಸ್ ಡಿಬಿ (ಚಿತ್ರಗಳ ಪುಟ್ಟ ಪ್ರತಿಗಳನ್ನು ಇಡುವ ಅಡಗಿದ ಫೈಲ್) 'ಬಳಕೆಯಲ್ಲಿದೆ' ಅಂತ ಅಡ್ಡ ಕೂತಿದ್ದನ್ನು ನಾನಂತೂ ಮರೆತಿಲ್ಲ. ಯಾರ ಬಳಕೆಯಲ್ಲಿ, ಮಾರಾಯ?

ಕೊನೆಗೆ ಮ್ಯಾಕ್‌ನಲ್ಲಿ ಕಮಾಂಡ್ ಟೈಪ್ ಮಾಡುವ ಟರ್ಮಿನಲ್ ತೆಗೆದು, 'ಡಾಟ್ ಕ್ಲೀನ್' (dot_clean) ಕಮಾಂಡ್‌ಗೆ 'ಎಂ' (-m) ಆಯ್ಕೆ ಸೇರಿಸಿ ಆ ಡ್ರೈವ್ ಮೇಲೆ ಓಡಿಸಿದೆ. ಮೊದಲು ಡಾಟ್ ಎಂಬ ಪದ (ಚುಕ್ಕಿಯಲ್ಲ), ಆಮೇಲೆ ಅಂಡರ್‌ಸ್ಕೋರ್, ಆಮೇಲೆ ಕ್ಲೀನ್. ಮೂರನ್ನೂ ಕೂಡಿಸಿ ಬರೆಯಬೇಕು. ಜೋಡಿಗಳೆಲ್ಲ ಹೋದವು. ಸ್ಟೀರಿಯೋದಲ್ಲಿ ಈಗ 40. ಹೊಸ ಹಾಡು ಹಾಕಿದಾಗಲೆಲ್ಲ ಮತ್ತೆ ಓಡಿಸಬೇಕು, ಅದಕ್ಕೇ ಈಚೆಗೆ ಹಳೆಯ ಹಾಡುಗಳನ್ನೇ ಜಾಸ್ತಿ ಕೇಳುತ್ತಿದ್ದೇನೆ.