ಹಲಗೆ ಮೇಲೆ ನಮ್ಮ ಬೀದಿ: ಆರನೇ ವಾರ

ಗೋಡೆಗಳೆಲ್ಲ ನಿಂತವು. ಈ ಭಾನುವಾರ ತಾರಸಿ ಕೂರಿಸುವ ಲೆಕ್ಕಾಚಾರವಿತ್ತು, ಆದರೆ ಕೆಲಸ ಗೇಟಿನ ಹತ್ತಿರವೇ ನಿಂತುಬಿಟ್ಟಿದೆ.

ಹೊಸದಾಗಿ ಓದುವವರಿಗೆ ಎರಡು ಮಾತು. ತುಮಕೂರಿನ ಬಟವಾಡಿ ಕಡೆ ಅಪ್ಪ ಕಟ್ಟಿಸಿದ ಮನೆಯನ್ನೂ ಅದರ ಬೀದಿಯನ್ನೂ 1:50 ಅಳತೆಯ, ಅಂದರೆ ಐವತ್ತು ಪಾಲು ಚಿಕ್ಕದಾದ ಮಾದರಿಯಾಗಿ ಮಾಡುತ್ತಿದ್ದೇನೆ, 1994ರ ಗೃಹಪ್ರವೇಶದ ದಿನ ಹೇಗಿತ್ತೋ ಹಾಗೆ. 30x40 ಸೈಟು ಹಲಗೆ ಮೇಲೆ 18.3 ಸೆಂ.ಮೀ. ಅಗಲ, 24.4 ಸೆಂ.ಮೀ. ಉದ್ದ ಬರುತ್ತದೆ. ಎರಡಡಿಗೆ ಮೂರಡಿ ಪ್ಲೈವುಡ್ಡಿನಲ್ಲಿ ನೂರಡಿಗೆ ನೂರೈವತ್ತಡಿ ಜಾಗ ಹಿಡಿಯಿತು: ಮೂವತ್ತಡಿ ರಸ್ತೆ, ಈಚೆ ಐದು ಸೈಟು, ಆಚೆ ಐದು ಸೈಟು. ಎದುರು ಸಾಲಿನವರ ಹಿತ್ತಲಿನಲ್ಲಿ ಹತ್ತಡಿ ಮಾತ್ರ ಹಲಗೆಯಿಂದ ಹೊರಗುಳಿಯಿತು. ಆಗ ಹತ್ತು ಸೈಟಿನಲ್ಲಿ ಮನೆ ಎದ್ದಿದ್ದು ನಾಲ್ಕೇ. ಮಿಕ್ಕಿದ್ದೆಲ್ಲ ಕಾಂಗ್ರೆಸ್ ಗಿಡ, ತುಂಬೆ, ಅಲ್ಲಲ್ಲಿ ಜಲ್ಲಿ ರಾಶಿ.

ಜಲ್ಲಿಗೆ ರಾಗಿ ಬಳಸಿದೆ. ಒಂದೂವರೆ ಮಿಲಿಮೀಟರಿನ ಕಾಳು ಈ ಅಳತೆಯಲ್ಲಿ ಮೂರಿಂಚಿನ ಕಲ್ಲಾಗುತ್ತದೆ, ಬೂದು ಬಣ್ಣ ಬಳಿದರೆ ಗುರುತೇ ಸಿಗುವುದಿಲ್ಲ. ಫೆವಿಕಾಲ್ ಕಲಸದೆ ಬರೀ ಸುರಿದಿದ್ದ ಮೊದಲ ರಾಶಿಯನ್ನು ಇರುವೆಗಳು ಹೊತ್ತೊಯ್ದವು. ತೆಂಗಿನ ಮರದ ಕಾಂಡಕ್ಕೆ ತಂತಿ ಸುತ್ತಿ ನಾರು ಅಂಟಿಸಿದ್ದೇನೆ. ನಲವತ್ತಡಿ ಮರ, ಅಂದರೆ ಸೈಟಿನ ಉದ್ದದಷ್ಟೇ ಎತ್ತರ. ಮನೆಯ ಪಕ್ಕ ನಿಲ್ಲಿಸಿ ನೋಡಿದಾಗಲೇ ಅದು ಎಷ್ಟು ದೊಡ್ಡದೆಂದು ನನಗೆ ತಿಳಿದದ್ದು. ಸಿದ್ಧಗಂಗೆ ಬೆಟ್ಟವನ್ನೂ ಸೇರಿಸಲು ಮನಸ್ಸಿತ್ತು. ಒಂದು ಕಿಲೋಮೀಟರಿಗೆ ಇಪ್ಪತ್ತು ಮೀಟರ್ ಬೇಕು, ಅಷ್ಟು ಉದ್ದದ ಕೋಣೆ ಯಾರ ಮನೆಯಲ್ಲಿದೆ? ಹಿಂದೆ ಒಂದು ರಟ್ಟು ನಿಲ್ಲಿಸಿ ಅದರ ಮೇಲೆ ಬರೆಯುತ್ತೇನೆ.

ಇನ್ನು ಗೇಟಿನ ವಿಷಯ. ರಸ್ತೆಯಿಂದ ಗೇಟಿಗೆ ಈಗ ಒಂದೇ ಮೆಟ್ಟಿಲು. ಟೇಪು ಹಿಡಿದು ಅಳೆದು, ಅದೇ ಲೆಕ್ಕಕ್ಕೆ ರಸ್ತೆಯನ್ನು ಅಂಟಿಸಿದ್ದೆ. ಅಮ್ಮ ಕಾಫಿ ತಂದುಕೊಟ್ಟವರು ಬಗ್ಗಿ ನೋಡಿ, "ಮೆಟ್ಲು ಮೂರಿತ್ತಲ್ಲೋ, ಇನ್ನೆರಡು ಎಲ್ಲೋಯ್ತು?" ಎಂದರು. ಗೃಹಪ್ರವೇಶದ ಫೋಟೋ ಹುಡುಕಿ ಹೊರತೆಗೆದೆವು. ಮೂರು ಮೆಟ್ಟಿಲು, ಮೇಲಿನದರ ಮೇಲೆ ಅಜ್ಜಿ ಕೂತಿದ್ದಾರೆ. ಮರುದಿನ ಬೆಳಗ್ಗೆ ಹಾರೆ ತಗೊಂಡು ಗೇಟಿನ ಪಕ್ಕದ ಮಣ್ಣು ಕೆದಕಿದೆ. ಅಂಗೈ ಆಳದಲ್ಲಿ ಎರಡನೇ ಮೆಟ್ಟಿಲಿನ ಕಲ್ಲಿನ ಅಂಚು ಸಿಕ್ಕಿತು, ಉಳಿಯ ಗೆರೆಗಳು ಇನ್ನೂ ಹಾಗೇ ಇವೆ.

ಹಳೇ ಡಾಂಬರು ಕೆರೆಯದೆ ಅದರ ಮೇಲೇ ಹೊಸ ಜಲ್ಲಿ, ಹೊಸ ಡಾಂಬರು. ಹೀಗೆ ಮೂವತ್ತು ವರ್ಷದಲ್ಲಿ ರಸ್ತೆ ಎರಡು ಮೆಟ್ಟಿಲು ನುಂಗಿದೆ. ಮೆಟ್ಟಿಲಿಗೆ ಏಳಿಂಚು, ಒಟ್ಟು ಹದಿನಾಲ್ಕು. ಜೋರು ಮಳೆ ಬಂದಾಗ ಕಾಂಪೌಂಡಿನೊಳಗೆ ನೀರು ನುಗ್ಗುವುದಕ್ಕೆ ಅಪ್ಪ ನೆಲ ತಗ್ಗಾಗಿ ಕಟ್ಟಿಸಿದ್ದೇ ಕಾರಣ ಎಂದು ನಾನೇ ಎಷ್ಟೋ ಸಲ ಹೇಳಿದ್ದೆ. ಅಪ್ಪ ಸರಿಯಾಗಿಯೇ ಕಟ್ಟಿಸಿದ್ದರು. ಅದನ್ನು ಅವರಿಗೆ ಹೇಳಲು ಈಗ ಅವರಿಲ್ಲ.

ಹದಿನಾಲ್ಕು ಇಂಚು ನನ್ನ ಹಲಗೆಯಲ್ಲಿ ಏಳು ಮಿಲಿಮೀಟರ್. ಕಣ್ಣಿಗೆ ಅಷ್ಟೇನೂ ಕಾಣದು, ಹಾಗೇ ಬಿಡು ಎಂದ ತಮ್ಮ. ಬಿಡಲು ಮನಸ್ಸು ಒಪ್ಪಲಿಲ್ಲ. ಬುಧವಾರ ರಾತ್ರಿ ರಸ್ತೆಯನ್ನು ಪೂರ್ತಿ ಕಿತ್ತೆ. ರಸ್ತೆಯ ಅಡಿಗಿರುವ ಸನ್‌ಬೋರ್ಡ್ (ಹಗುರವಾದ ಫೋಮ್ ಹಲಗೆ) ಪದರ ತೆಳ್ಳಗೆ ಮಾಡಿ ಹೊಸದಾಗಿ ಹಾಸಬೇಕು, ಎರಡೂ ಬದಿಯ ಮೋರಿಯನ್ನೂ ಅದಕ್ಕೆ ತಕ್ಕಂತೆ ಇಳಿಸಬೇಕು.

ಕೆಳಗಿನ ಮೆಟ್ಟಿಲ ಪಕ್ಕ ಒಂದು ಕಲ್ಬಾನಿ ಇತ್ತಂತೆ. ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆಯ ದನಗಳ ಜಾತ್ರೆಗೆ ಎತ್ತು ಹೊಡೆದುಕೊಂಡು ಹೋಗುವವರು ಅಲ್ಲಿ ನೀರು ಕುಡಿಸುತ್ತಿದ್ದರಂತೆ. ಫೋಟೋದಲ್ಲಿ ಅದು ಇಲ್ಲ. ಬಾನಿಯ ಅಳತೆ ಅಮ್ಮ ಕೈ ಚಾಚಿ ತೋರಿಸಿದ್ದಾರೆ: ಎರಡೂವರೆ ಅಡಿ. ಹಲಗೆ ಮೇಲೆ ಒಂದೂವರೆ ಸೆಂಟಿಮೀಟರ್. ಮುಂದಿನ ವಾರ ಅದನ್ನು ಸಾಬೂನಿನಲ್ಲಿ ಕೆತ್ತಿ ನೋಡುತ್ತೇನೆ.